ಅಕ್ಕನಿಗೆ ಒಂದೇ ನಕ್ಷತ್ರ

ರಾತ್ರಿ ಮಲಗಿ ಎಷ್ಟೋ ಹೊತ್ತಾದ ಮೇಲೆ ಊಟದ ಮೇಜಿನ ಕಡೆಯಿಂದ ‘ಟಿಣ್’ ಎಂದು ಸಣ್ಣದೊಂದು ಸದ್ದು ಬಂತು. ನಮ್ಮ ಮನೆಯ ಸದ್ದುಗಳ ಪರಿಚಯ ನನಗೆ ಚೆನ್ನಾಗಿಯೇ ಇದೆ. ಫ್ರಿಜ್ ನರಳುವುದು, ಮೇಲಿನ ಫ್ಲ್ಯಾಟಿನವರು ಕುರ್ಚಿ ಎಳೆಯುವುದು, ಹಾಲಿನ ಪಾತ್ರೆಯ ಮುಚ್ಚಳ ಜಾರುವುದು, ಇವನ್ನೆಲ್ಲ ನಿದ್ದೆಯಲ್ಲೇ ವಿಂಗಡಿಸಿ ಮಗ್ಗುಲು ಬದಲಿಸುತ್ತೇನೆ. ಇದು ಹೊಸದು. ಗ್ಯಾಸ್ ಸಿಲಿಂಡರಿನಿಂದ ಹಿಡಿದು ಕಳ್ಳರವರೆಗೆ ಎಲ್ಲವನ್ನೂ ಯೋಚಿಸಿ ಮುಗಿಸುವಷ್ಟರಲ್ಲಿ ನಮ್ಮವರು ಕೋಣೆಯ ಬಾಗಿಲಿಗೆ ಬಂದು ನಿಂತರು. ಹೆರಿಗೆ ಕೋಣೆಯ ಹೊರಗೆ ಕಾದು ಕಾದು ಕೊನೆಗೆ ಸುದ್ದಿ ಕೇಳಿದ ಗಂಡಸಿನ ಮುಖ.

“ಎಕ್ಸ್‌ಪೋರ್ಟ್ ಆತು,” ಎಂದರು.

ಹೊರಬಿದ್ದದ್ದು ಅವರ ಅರವತ್ತರ ಶಾಂತಿಯ ಸ್ಲೈಡ್ ಶೋ. ಶಾಂತಿಯ ದಿನ ಫೋಟೊ ತೆಗೆದವನು ನೂರಾರು ಚಿತ್ರಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿ ಕೊಟ್ಟು, ಶಹನಾಯಿ ಸೇರಿಸಿ ವಿಡಿಯೊ ಮಾಡಿಕೊಡಲೇ ಎಂದು ಕೇಳಿದ್ದ. ನಮ್ಮವರು ಬೇಡ, ನಾನೇ ಮಾಡಿಕೊಳ್ಳುತ್ತೇನೆ ಎಂದುಬಿಟ್ಟರು. ಈ ಮಾತನ್ನು ಅವರು ಹಿಂದೊಮ್ಮೆ ಆಡಿದ್ದು ಗೀಸರ್ ಕೆಟ್ಟಾಗ. ಅದರ ಗುರುತು ನಮ್ಮ ಬಚ್ಚಲಿನ ಗೋಡೆಯ ಮೇಲೆ ಇನ್ನೂ ಇದೆ.

ನಮ್ಮವರ ಹೆಸರು ಜಯತೀರ್ಥ. ಹೈದರಾಬಾದಿನ ಬೇಗಂಪೇಟೆಯ ಒಂದು ಸರಕಾರಿ ಕಚೇರಿಯಲ್ಲಿ ನೌಕರರ ಹಿರಿತನದ ಪಟ್ಟಿ ತಯಾರಿಸುತ್ತ ಅವರ ಸೇವಾವಧಿಯೆಲ್ಲ ಕಳೆಯಿತು. ಯಾರು ಮೊದಲು, ಯಾರು ಎರಡನೆಯವರು, ಯಾರು ಯಾರಿಗಿಂತ ಒಂದು ದಿನ ಕಿರಿಯರು ಎಂದು ಬರೆದು ಬರೆದು ಅವರ ಬೆರಳು ಸವೆದಿದೆ. ನಿವೃತ್ತಿಯಾದ ಮೇಲೆ ಪಟ್ಟಿ ಮಾಡಲು ಮನೆಯಲ್ಲಿ ನಾನೊಬ್ಬಳೇ ಉಳಿದೆ. ಆ ಕೊರತೆಯನ್ನು ಈ ಫೋಟೊ ತಿದ್ದುವ ಸಾಫ್ಟ್‌ವೇರ್ ತುಂಬಿಕೊಟ್ಟಿತು. ಮೂರು ವಾರ ಅವರು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು; ನಾವು ನೆಲದ ಮೇಲೆ ಕೂತು ಉಂಡೆವು.

ಈ ಶಾಂತಿಯಲ್ಲಿ ನಮಗಿದ್ದ ದೊಡ್ಡ ಸಂತೋಷವೆಂದರೆ ನಲಿನಕ್ಕ ಬಂದದ್ದು. ನಲಿನಕ್ಕ ನಮ್ಮವರ ಒಬ್ಬಳೇ ಅಕ್ಕ; ತಾರ್ನಾಕದಲ್ಲಿದ್ದಾರೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಅಂಥವರು ನಮ್ಮ ಕೂಕಟ್‌ಪಲ್ಲಿಯ ಈ ಫ್ಲ್ಯಾಟಿನ ಗೃಹಪ್ರವೇಶವಾದ ಮೇಲೆ ಆರು ವರ್ಷ ಈ ಹೊಸ್ತಿಲು ತುಳಿದಿರಲಿಲ್ಲ. ಜಗಳ ಎಂಬ ಪದವನ್ನು ನಾನು ಬಳಸುವುದಿಲ್ಲ, ಏಕೆಂದರೆ ಯಾರೂ ಏನೂ ಆಡಿರಲಿಲ್ಲ. ಗೃಹಪ್ರವೇಶದ ದಿನ ಆಹೇರಿಯ ಚೀಲಗಳ ಮೇಲೆ ಹೆಸರಿನ ಚೀಟಿ ಅಂಟಿಸುವ ಕೆಲಸವನ್ನು ನಮ್ಮವರು ವಹಿಸಿಕೊಂಡಿದ್ದರು. ಅಕ್ಕನಿಗೆಂದು ತಂದ ರೇಷ್ಮೆ ಸೀರೆ ಅಡಿಗೆಯವರ ಹೆಂಡತಿಗೆ ಹೋಯಿತು. ಅಡಿಗೆಯವರ ಹೆಂಡತಿಗೆಂದು ತಂದದ್ದು ಅಕ್ಕನಿಗೆ ಹೋಯಿತು. ನಮ್ಮ ಕಡೆ ಸಮಾರಂಭದಲ್ಲಿ ಕೊಟ್ಟು ತೆಗೆದುಕೊಳ್ಳುವ ಈ ಬಟ್ಟೆಬರೆಗಳ ತೂಕ ತಕ್ಕಡಿಯಲ್ಲಿ ಆಗುವಂಥದಲ್ಲ. ಅಕ್ಕ ಏನೂ ಹೇಳಲಿಲ್ಲ. ಅವರಿಗೆ ಮೊಣಕಾಲು ನೋವು ಶುರುವಾಯಿತು. ಆ ನೋವು ಮಠಕ್ಕೆ ಹೋಗುವಾಗ ಇರುತ್ತಿರಲಿಲ್ಲ, ಕೋಠಿಯ ಪೇಟೆಗೆ ಹೋಗುವಾಗ ಇರುತ್ತಿರಲಿಲ್ಲ; ಕೂಕಟ್‌ಪಲ್ಲಿಯ ಹೆಸರೆತ್ತಿದರೆ ಮಾತ್ರ ಕಾಣಿಸಿಕೊಳ್ಳುತ್ತಿತ್ತು.

ತಮ್ಮನ ಅರವತ್ತರ ಶಾಂತಿಗೆ ಆ ನೋವನ್ನು ಬದಿಗಿಟ್ಟು ಬಂದರು. ಹಿಂದಿನ ಸಾಲಿನಲ್ಲಿ ಕೂತರು, ಊಟ ಮಾಡಿದರು, ಹೋಗುವಾಗ ನನ್ನ ಕೈ ಹಿಡಿದು ಬರುತ್ತೇನೆ ಎಂದರು. ನಮ್ಮವರು ಆ ರಾತ್ರಿ ಇಡೀ ಸುಮ್ಮನೆ ನಗುತ್ತಿದ್ದರು. ಆದ್ದರಿಂದ ಮುಂದೆ ನಡೆದದ್ದನ್ನು ಓದುವಾಗ, ಆರು ವರ್ಷದ ನಂತರ ಅರ್ಧ ತೆರೆದ ಆ ಬಾಗಿಲನ್ನು ಯಾರೂ ಮರೆಯಬಾರದು. ನಾನಂತೂ ಮರೆಯಲಿಲ್ಲ.

ಎಕ್ಸ್‌ಪೋರ್ಟಿನ ಕಷ್ಟ ನನಗೆ ಪೂರ್ತಿ ಅರ್ಥವಾಗಿಲ್ಲ. ಮೊದಲ ಸಲ ಹೊರಬಂದದ್ದು ಗಾತ್ರದಲ್ಲಿ ಬಹಳ ದೊಡ್ಡದಾಗಿ ವಾಟ್ಸ್ಯಾಪಿನ ಬಾಗಿಲಲ್ಲಿ ಸಿಕ್ಕಿಕೊಂಡಿತು. ಎರಡನೆಯದು ಎಷ್ಟು ಸಣ್ಣದಾಯಿತೆಂದರೆ ಪುರೋಹಿತರು ಯಾರು, ಕಲಶ ಯಾವುದು ತಿಳಿಯಲಿಲ್ಲ. ಆ ರಾತ್ರಿ ‘ಟಿಣ್’ ಎಂದದ್ದು ಹದವಾಗಿತ್ತು. ಅದನ್ನು ನಮ್ಮ ಬಳಗದ ವಾಟ್ಸ್ಯಾಪ್ ಗುಂಪಿಗೆ ಕಳಿಸಿ, ಲ್ಯಾಪ್‌ಟಾಪಿಗೆ ಟವೆಲ್ ಹೊದಿಸಿ, ನಮ್ಮವರು ಮಲಗಿದರು.

ಬೆಳಿಗ್ಗೆ ಗುಂಪು ನಿಶ್ಶಬ್ದವಾಗಿತ್ತು. ನಮ್ಮ ಗುಂಪಿನಲ್ಲಿ ಏಕಾದಶಿಗೂ ಇಷ್ಟು ಮೌನ ಇರುವುದಿಲ್ಲ. ವಿಡಿಯೊ ನೋಡಿದ್ದಾರೆಂಬ ನೀಲಿ ಗುರುತು ಬಂದಿತ್ತು, ಮಾತಿಲ್ಲ. ನಮ್ಮವರು ಅದನ್ನು ಭಾವಪರವಶತೆ ಎಂದು ಅರ್ಥೈಸಿದರು. ನಾನು ಕಾಫಿ ಸೋಸುವುದನ್ನು ಅರ್ಧಕ್ಕೆ ಬಿಟ್ಟು ವಿಡಿಯೊ ಹಾಕಿಕೊಂಡು ನೋಡಿದೆ.

ಚಿತ್ರಗಳು ಚೆನ್ನಾಗಿದ್ದವು. ಒಂದು ಮಸುಕಾಗುತ್ತ ಇನ್ನೊಂದು ಮೂಡುತ್ತಿತ್ತು. ಕೆಳಗೆ ಪ್ರತಿಯೊಬ್ಬರ ಹೆಸರನ್ನೂ ತಪ್ಪಿಲ್ಲದೆ ಹಾಕಿದ್ದರು. ಹೆಸರಿನ ಪಕ್ಕದಲ್ಲಿ ಬಂಗಾರದ ಬಣ್ಣದ ನಕ್ಷತ್ರಗಳಿದ್ದವು. ಸೀತಾರಾಮ ಕಾಕಾ, ಐದು ನಕ್ಷತ್ರ. ರಾಮಕೃಷ್ಣ ಮತ್ತು ಧನಶ್ರೀ, ಎರಡು ನಕ್ಷತ್ರ. ನಲಿನಿ ಅಕ್ಕ, ಒಂದು.

ಕಾಫಿ ತಣ್ಣಗಾಯಿತು. ನಕ್ಷತ್ರ ಏನೆಂದು ನಮ್ಮವರನ್ನು ಕೇಳಿದರೆ, ಅದು ಚಿತ್ರ ಆರಿಸುವಾಗ ತಾವು ಹಾಕಿಕೊಂಡ ಗುರುತು, ಕೀಲಿಮಣೆಯಲ್ಲಿ ಅಂಕಿ ಒತ್ತಿದರೆ ಅಷ್ಟು ನಕ್ಷತ್ರ ಬೀಳುತ್ತದೆ, ಅದು ತಮಗೆ ಮಾತ್ರ ಕಾಣುತ್ತದೆ ಎಂದರು. ನನಗೂ ಕಾಣುತ್ತಿದೆ ಎಂದೆ. ನೀನು ಮನೆಯವಳಲ್ಲವೇ ಎಂದರು.

ಹೈದರಾಬಾದಿನಲ್ಲಿ ಇವತ್ತು ನಕ್ಷತ್ರದ ಲೆಕ್ಕ ಗೊತ್ತಿಲ್ಲದ ಮನುಷ್ಯ ಇಲ್ಲ. ಬಿರ್ಯಾನಿ ತಂದವನಿಗೆ, ಆಟೊದವನಿಗೆ, ನಲ್ಲಿ ರಿಪೇರಿಗೆ ಬಂದವನಿಗೆ ಎಲ್ಲರಿಗೂ ನಾವು ನಕ್ಷತ್ರ ಹಂಚುತ್ತೇವೆ. ಐದು ಎಂದರೆ ಶ್ರೇಷ್ಠ, ಒಂದು ಎಂದರೆ ಇನ್ನು ಮೇಲೆ ಬರಬೇಡ. ಆದರೆ ಬಳಗದವರು ನಿಂತದ್ದು ಬೇರೆ ಪ್ರಶ್ನೆಗೆ: ನಕ್ಷತ್ರ ಕೊಟ್ಟದ್ದು ಯಾತಕ್ಕೆ? ನಮ್ಮವರಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಇರಲು ಸಾಧ್ಯ. ಆಹೇರಿಗೆ.

ದುರ್ದೈವಕ್ಕೆ ಲೆಕ್ಕವೂ ತಾಳೆಯಾಯಿತು. ಸೀತಾರಾಮ ಕಾಕಾ ಬೆಳ್ಳಿಯ ತಂಬಿಗೆ ಕೊಟ್ಟಿದ್ದರು. ನಮ್ಮವರ ಚಿಕ್ಕಪ್ಪನ ಮಗ ರಾಮಕೃಷ್ಣ ಮತ್ತು ಅವನ ಹೆಂಡತಿ ಧನಶ್ರೀ ಸ್ಟೀಲಿನ ಡಬ್ಬಿಗಳ ಸೆಟ್ ಕೊಟ್ಟಿದ್ದರು. ನಲಿನಕ್ಕ ತಮ್ಮನಿಗೊಂದು ಪಂಚೆ, ನನಗೊಂದು ಗುಳೇದಗುಡ್ಡದ ಖಣ ತಂದಿದ್ದರು. ಬೆಳ್ಳಿಗೆ ಐದು, ಸ್ಟೀಲಿಗೆ ಎರಡು, ಹತ್ತಿ ಬಟ್ಟೆಗೆ ಒಂದು. ಇದಕ್ಕಿಂತ ಸ್ಪಷ್ಟವಾಗಿ ಯಾವ ಸರಕಾರವೂ ತನ್ನ ನೀತಿಯನ್ನು ಪ್ರಕಟಿಸಿಲ್ಲ.

ಮೊದಲು ಫೋನ್ ಮಾಡಿದವರು ಸೀತಾರಾಮ ಕಾಕಾ. ಎಂಬತ್ತು ದಾಟಿದ ಹಿರಿಯರು; ಈವರೆಗೆ ನಮ್ಮವರ ಯಾವ ಕೆಲಸವನ್ನೂ ಮೆಚ್ಚಿದವರಲ್ಲ. ಅವತ್ತು ಜಯತೀರ್ಥನ ಬುದ್ಧಿ ತೀಕ್ಷ್ಣವಾಗಿದೆ ಎಂದರು. ವಿಡಿಯೊವನ್ನು ಗೋಡೆಯ ಮೇಲಿನ ದೊಡ್ಡ ಟೀವಿಗೆ ಹಾಕಿಸಿಕೊಂಡಿದ್ದರಂತೆ. ಅದರಲ್ಲಿ ಒಂದೊಂದು ನಕ್ಷತ್ರ ವಡೆಯಷ್ಟು ಕಂಡಿತಂತೆ. ನೆರೆಯವರನ್ನು ಕರೆದು ತೋರಿಸಿ, ಸಂಜೆ ಮಠದ ಗೆಳೆಯರನ್ನೂ ಕರೆದಿದ್ದರು. ಐದು ಬಂದವರು ಇನ್ನು ಯಾರಿದ್ದಾರೆ ಎಂದು ಎರಡು ಸಲ ಕೇಳಿ, ಹೆಚ್ಚು ಜನ ಇಲ್ಲ ಎಂದು ತಿಳಿದ ಮೇಲೆ ಆಶೀರ್ವಾದ ಮಾಡಿ ಫೋನ್ ಇಟ್ಟರು.

ಮರುದಿನ ಸಂಜೆ ರಾಮಕೃಷ್ಣ, ಧನಶ್ರೀ ತಿಳಿಸದೆ ಬಂದರು. ಧನಶ್ರೀಯ ಕೈಯಲ್ಲಿ ಕಾಗದದ ಚೀಲ, ಮುಖದಲ್ಲಿ ನಗು. ಎರಡನ್ನೂ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಚೀಲದಲ್ಲಿ ಬೆಳ್ಳಿಯ ಕುಂಕುಮದ ಭರಣಿ, ನನಗೆ ಒಂದು ರೇಷ್ಮೆ ಸೀರೆ. ಆ ದಿನ ಗಡಿಬಿಡಿಯಲ್ಲಿ ಉಳಿದುಹೋಗಿತ್ತು, ನಿಜವಾದ ಆಹೇರಿ ಇದೇ ಎಂದಳು. ನಮ್ಮವರು ಅದನ್ನು ತಮ್ಮ ಕಲೆಗೆ ಸಂದ ಗೌರವವೆಂದು ತಿಳಿದು ಕರಗಿಹೋದರು. ಇಷ್ಟೆಲ್ಲ ಯಾಕೆ, ಚೆನ್ನಾಗಿದೆ ಎಂದು ಗುಂಪಿನಲ್ಲಿ ಒಂದು ಮಾತು ಬರೆದಿದ್ದರೆ ಸಾಕಿತ್ತು ಎಂದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಯಾವಾಗ ಎಕ್ಸ್‌ಪೋರ್ಟ್ ಮಾಡುತ್ತೀರಿ ಎಂದು ರಾಮಕೃಷ್ಣ ತಗ್ಗಿದ ದನಿಯಲ್ಲಿ ಕೇಳಿದ. ಅಗತ್ಯ ಬಿದ್ದರೆ ನಾಳೆಯೇ ಎಂದರು ನಮ್ಮವರು. ಮಾಡುವಾಗ ನಮ್ಮ ನೆನಪಿರಲಿ ಎಂದಳು ಧನಶ್ರೀ.

ಆಗ ಚಹಾ ತಂದವಳು ಶಂಕ್ರಮ್ಮ. ಯಾದಗಿರಿ ಕಡೆಯವಳು, ಗಂಡ ಪಕ್ಕದ ರಸ್ತೆಯ ಹೊಸ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಾನೆ, ಇವಳು ನಮ್ಮ ಮನೆಯಲ್ಲಿ ಪಾತ್ರೆ, ಕಸ ನೋಡಿಕೊಳ್ಳುತ್ತಾಳೆ. ಶಾಂತಿಗೆ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದಳು. ಗುಂಪಿಗೆ ಕಳಿಸಿದ್ದನ್ನೆಲ್ಲ ನಮ್ಮವರು ಅವಳ ಫೋನಿಗೂ ಕಳಿಸುತ್ತಿದ್ದರು. ನಾನು ತಡೆಯುವ ಮೊದಲೇ ಅವಳು ಧನಶ್ರೀಯ ಮುಂದೆ ಕಪ್ಪು ಇಟ್ಟು, “ನಂಗ ನಾಕ ಚುಕ್ಕಿ ಬಂದಾವ್ರಿ ಅಕ್ಕಾರ. ನಮ್ಮ ಮಂದೀಗೆಲ್ಲಾ ತೋರಸೀನಿ. ನಿಮಗೆಷ್ಟ ಬಂದಾವ್ರಿ?” ಎಂದಳು.

ಧನಶ್ರೀ ಚಹಾ ಕುಡಿಯಲಿಲ್ಲ. ಬಾಳೆಹಣ್ಣಿನ ವಿಚಾರ ಗೊತ್ತಿಲ್ಲದ ಅವಳು, ಶಂಕ್ರಮ್ಮ ನಮಗೆ ಏನು ಕೊಟ್ಟಿರಬಹುದು ಎಂದು ಲಿಫ್ಟಿನವರೆಗೂ ಗಂಡನ ಕಿವಿಯಲ್ಲಿ ಕೇಳುತ್ತ ಹೋದಳು.

ಇಷ್ಟೆಲ್ಲದರ ನಡುವೆ ತಾರ್ನಾಕದಿಂದ ಒಂದು ಸದ್ದೂ ಬರಲಿಲ್ಲ. ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಸೀತಾರಾಮ ಕಾಕಾ ಮಾತ್ರ ತಾವಾಗಿಯೇ ತಿಳಿಸಿದರು: ನಲಿನಿಗೆ ಸಮಾಧಾನ ಹೇಳಲು ಫೋನ್ ಮಾಡಿದ್ದೆ, ಪಾಪ, ಮೊಣಕಾಲು ಮತ್ತೆ ನೋಯುತ್ತಿದೆಯಂತೆ.

ಆ ಮಾತು ಕೇಳಿದ ಮೇಲೆ ನಾನು ನಮ್ಮವರನ್ನು ಕೂರಿಸಿ, ಅಕ್ಕನಿಗೆ ಒಂದೇ ನಕ್ಷತ್ರ ಯಾಕೆ ಹಾಕಿದಿರಿ ಎಂದು ನೇರವಾಗಿ ಕೇಳಿದೆ. ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ.

“ಮತ್ತೆಷ್ಟು ಹಾಕಬೇಕಿತ್ತು? ಒಂದನೇ ನಂಬರು ಆಕಿ. ಪಟ್ಟಿಯೊಳಗ ಮೊದಲನೇ ಹೆಸರಿಗೆ ಒಂದು ಅಂತ ಬರೀತಾರೋ, ಐದು ಅಂತ ಬರೀತಾರೋ?”

ನನಗೆ ನೆಲ ಒಮ್ಮೆ ಸರಿದು ಮತ್ತೆ ಬಂದು ಕೂತ ಹಾಗಾಯಿತು. ಸೇವಾವಧಿಯೆಲ್ಲ ಹಿರಿತನದ ಪಟ್ಟಿ ಬರೆದ ಮನುಷ್ಯ. ಅವರ ಮಟ್ಟಿಗೆ ಒಂದು ಎಂದರೆ ಎಲ್ಲರಿಗಿಂತ ಮೇಲೆ, ಐದು ಎಂದರೆ ಕೆಳಗೆ. ತಮಗೆ ಎಲ್ಲಕ್ಕಿಂತ ಹಿಡಿಸಿದ ಚಿತ್ರಕ್ಕೆ ಒಂದನ್ನು ಒತ್ತಿದ್ದರು. ಹಾಗಾದರೆ ಐದು ಯಾರಿಗೆ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ, ಕೇಳದೆಯೇ ಹೇಳಿದರು. ಕಾಕಾನ ಚಿತ್ರದಲ್ಲಿ ಕಣ್ಣು ಮುಚ್ಚಿತ್ತು, ಬಾಯಿ ತುಂಬ ಹೋಳಿಗೆ ಇತ್ತು. ತೆಗೆದುಹಾಕಬೇಕೆಂದಿದ್ದರು, ಆದರೆ ಕಾಕಾನದು ಇದ್ದದ್ದೇ ಅದೊಂದು. ಶಂಕ್ರಮ್ಮನ ಮುಖದ ಮೇಲೆ ಬೆಳಕು ಸಾಲದೆ ನಾಲ್ಕಕ್ಕೆ ಹೋಗಿದ್ದಳು. ಬೆಳ್ಳಿಯ ತಂಬಿಗೆ, ಡಬ್ಬಿ, ಪಂಚೆ, ಇವ್ಯಾವುದೂ ಅವರ ನೆನಪಿನಲ್ಲೇ ಇರಲಿಲ್ಲ.

ಬಳಗ ಏನೆಂದುಕೊಂಡಿದೆ ಎಂಬುದನ್ನು ನಾನು ಬಿಡಿಸಿ ಹೇಳಿದಾಗ ಅವರ ಮುಖ ಸಣ್ಣದಾಯಿತು. ಆಮೇಲೆ ಅವರೊಳಗಿನ ನೌಕರ ಎದ್ದು ಕೂತ. ಗುಂಪಿಗೆ ಒಂದು ತಿದ್ದುಪಡಿ ಹೊರಡಿಸುತ್ತೇನೆ ಎಂದರು: ಒಂದು ಇರುವಲ್ಲಿ ಐದು ಎಂದೂ, ಐದು ಇರುವಲ್ಲಿ ಒಂದು ಎಂದೂ ಓದಿಕೊಳ್ಳತಕ್ಕದ್ದು. ನಾನು ಫೋನ್ ಕಸಿದುಕೊಂಡೆ. ಕಾಕಾ ಎಂಬತ್ತು ದಾಟಿದವರು, ಮಠದವರನ್ನೆಲ್ಲ ಕರೆದು ಟೀವಿಯಲ್ಲಿ ತೋರಿಸಿದವರು. ಈಗ ಅವರನ್ನು ಬಳಗದ ಎದುರು ಕೊನೆಯ ಸಾಲಿಗೆ ಇಳಿಸಿದರೆ ಅವರ ಗತಿ ಏನು ಎಂದು ಕೇಳಿದೆ. ಅಕ್ಕನನ್ನು ಉಳಿಸಿಕೊಂಡರೆ ಕಾಕಾ ಹೋಗುತ್ತಾರೆ, ಕಾಕಾನನ್ನು ಉಳಿಸಿಕೊಂಡರೆ ಅಕ್ಕ ಹೋಗುತ್ತಾರೆ. ಏನೂ ಮಾಡದೆ ಸುಮ್ಮನಿರಿ, ಯೋಚಿಸೋಣ ಎಂದು ಹೇಳಿ ತರಕಾರಿಗೆ ಹೋದೆ.

ಸುಮ್ಮನಿರಿ ಎಂದು ಹೇಳಿ ಹೋಗುವುದು ನಮ್ಮ ಮನೆಯಲ್ಲಿ ಗ್ಯಾಸ್ ಹಚ್ಚಿಟ್ಟು ಹೋದ ಹಾಗೆ. ನಾನು ಬರುವಷ್ಟರಲ್ಲಿ ನಮ್ಮವರು ಸಾಫ್ಟ್‌ವೇರಿನೊಳಗೆ ಹುಡುಕಿ, ನಕ್ಷತ್ರ ತೋರಿಸು ಎಂಬ ಚಿಕ್ಕ ಚೌಕವನ್ನು ಪತ್ತೆಮಾಡಿ, ಅದರ ಗುರುತನ್ನು ತೆಗೆದು, ನಕ್ಷತ್ರವಿಲ್ಲದ ಸ್ಲೈಡ್ ಶೋವನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಗುಂಪಿಗೆ ಕಳಿಸಿಯೂ ಆಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತೇನೋ. ಕೆಳಗೆ ಹೀಗೆ ಬರೆದಿದ್ದರು: ‘ಹಿಂದೆ ಕಳಿಸಿದ್ದನ್ನು ಈ ಮೂಲಕ ರದ್ದುಪಡಿಸಲಾಗಿದೆ. ಇದನ್ನೇ ಅಂತಿಮವೆಂದು ಪರಿಗಣಿಸುವುದು.’

ಬದನೆಕಾಯಿಯ ಚೀಲ ಕೆಳಗಿಡುವ ಮೊದಲೇ ಫೋನ್ ಬಡಿದುಕೊಳ್ಳತೊಡಗಿತು. ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿ ಇರಲಿಲ್ಲ ಎಂದರು ಸೀತಾರಾಮ ಕಾಕಾ. ಹಾಗೆ ಮಾಡುವುದಾದರೆ ತಂಬಿಗೆಯ ವಿಷಯವನ್ನೂ ಮಾತಾಡಬೇಕಾಗುತ್ತದೆ ಎಂದು ಸೂಚಿಸಿದರು. ಬೆಳ್ಳಿಯ ಭರಣಿ ಕೊಟ್ಟ ಮೇಲೆ ಇದ್ದ ಎರಡೂ ಹೋಯಿತೆಂದರೆ ಅದಕ್ಕೆ ಏನೆನ್ನಬೇಕು ಎಂದು ರಾಮಕೃಷ್ಣ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಶಂಕ್ರಮ್ಮ ಪಾತ್ರೆಗಳನ್ನು ಎಂದಿಗಿಂತ ಸ್ವಲ್ಪ ಜೋರಾಗಿ ಇಟ್ಟಳು.

ನಂತರ ಗುಂಪಿನಲ್ಲಿ ಒಂದು ಸಣ್ಣ ಬೂದು ಸಾಲು ಕಾಣಿಸಿತು. ನಲಿನಿ ಗುಂಪಿನಿಂದ ಹೊರಹೋಗಿದ್ದಾರೆ.

ನಮ್ಮವರು ಆ ಸಾಲನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಇದ್ದ ಒಂದೂ ಕಸಗೊಂಡ ಅಂತ ತಿಳಕೊಂಡಿರಬೇಕು ಆಕಿ,” ಎಂದು ಮೆಲ್ಲಗೆ ಹೇಳಿ, ಎದ್ದು ಹೋಗಿ ಚಪ್ಪಲಿ ಹಾಕಿಕೊಂಡರು.

ಲ್ಯಾಪ್‌ಟಾಪಿನ ಬ್ಯಾಟರಿ ಚಾರ್ಜರ್ ತೆಗೆದರೆ ಹತ್ತು ನಿಮಿಷ ಬದುಕುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪ್, ಚಾರ್ಜರ್, ತಾರ್ನಾಕದ ಮನೆಯ ಪ್ಲಗ್ಗು ಎತ್ತರದಲ್ಲಿದ್ದರೆ ಇರಲಿ ಎಂದು ಉದ್ದ ವಯರಿನ ಎಕ್ಸ್‌ಟೆನ್ಷನ್ ಬೋರ್ಡ್, ಇಷ್ಟನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೊರಟೆವು. ಮೆಟ್ರೊ ನಿಲ್ದಾಣದ ಚೀಲ ತಪಾಸಣೆಯ ಯಂತ್ರದಲ್ಲಿ ಆ ವಯರುಗಳ ಗೊಂಚಲನ್ನು ಕಂಡು ಕಾವಲಿನವನು ಎದ್ದು ನಿಂತ. ಇದೇನು ಎಂದು ಹಿಂದಿಯಲ್ಲಿ ಕೇಳಿದ. ನಮ್ಮವರು ಸತ್ಯವಂತರು. ಅಕ್ಕನಿಗೆ ತೋರಿಸಬೇಕಾದ ಪುರಾವೆ ಎಂದರು. ಅಲ್ಲಿ ನಮಗೆ ಒಂದು ಗಾಡಿ ತಪ್ಪಿತು. ಅಮೀರ್‌ಪೇಟೆಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತುವವರೆಗೂ ಅವರು ಮನಸ್ಸಿನಲ್ಲೇ ಏನೋ ಒತ್ತಿ ಒತ್ತಿ ಅಳಿಸುತ್ತಿದ್ದರು. ಅಕ್ಕ ಬಾಗಿಲು ತೆಗೆಯದಿದ್ದರೆ ಎಂದು ಒಮ್ಮೆ ಕೇಳಿದರು. ತೆಗೆಯುತ್ತಾರೆ ಎಂದೆ. ನನಗೂ ಖಾತ್ರಿ ಇರಲಿಲ್ಲ.

ಬಾಗಿಲು ತೆಗೆದರು. ಕಿಟಕಿಯಿಂದ ಯಾರೆಂದು ನೋಡದೆ ಸರಸರ ನಡೆದು ಬಂದಿದ್ದರು. ನಮ್ಮನ್ನು ಕಂಡ ಮೇಲೆ ನೆನಪಾಗಿ ಕುಂಟುತ್ತ ಒಳಗೆ ಹೋದರು.

“ಬರ್ರಿ, ಜಯತೀರ್ಥ ಅವರ. ಕೂಡ್ರಿ.”

ಎತ್ತಿ ಆಡಿಸಿದ ತಮ್ಮನಿಗೆ ಬಹುವಚನ. ನನ್ನ ಗಂಡ ಕುರ್ಚಿಯ ತುದಿಯಲ್ಲಿ ಕೂತರು. ಅಕ್ಕ ಹಚ್ಚಿದ ಅವಲಕ್ಕಿಯನ್ನು ಗಾಜಿನ ತಟ್ಟೆಯಲ್ಲಿ, ಚಮಚ ಇಟ್ಟು ತಂದರು. ಆ ಮನೆಯಲ್ಲಿ ಚಮಚ ಇಡುವುದು ವಿಮೆಯ ಏಜೆಂಟರಿಗೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಕೆಳಗೆ ಕೂತು, ಮಂಚದ ಅಡಿಯಲ್ಲಿ ನುಸುಳಿ ಪ್ಲಗ್ಗು ಹುಡುಕುತ್ತಿದ್ದರು. ಅರವತ್ತು ತುಂಬಿದವರ ಹಿಂಭಾಗ ಮಾತ್ರ ಹೊರಗೆ ಕಾಣುತ್ತಿತ್ತು. ಅಕ್ಕ ಅದನ್ನು ನೋಡಿದರು, ಗೋಡೆಯ ಕಡೆ ತಿರುಗಿದರು.

ಲ್ಯಾಪ್‌ಟಾಪ್ ಬೆಳಗಿತು. ನಮ್ಮವರು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ಎಲ್ಲೋ ಅಮೀರ್‌ಪೇಟೆಯಲ್ಲಿ ಇಳಿದುಹೋಗಿರಬೇಕು. ಏನೂ ಹೇಳದೆ ಅಕ್ಕನ ಚಿತ್ರ ತೆಗೆದರು, ಕೀಲಿಮಣೆಯಲ್ಲಿ ಒಂದನ್ನು ಒತ್ತಿ ತೋರಿಸಿದರು. ಒಂದು ನಕ್ಷತ್ರ ಬಂತು.

“ಇಷ್ಟು ದೂರ ಬಂದು ಮತ್ತೊಮ್ಮೆ ಒಂದ ಕೊಟ್ರೇನು?” ಎಂದರು ಅಕ್ಕ.

ಆಗ ನಾನು ಮಧ್ಯೆ ಬಂದು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಪಟ್ಟಿಯ ವಿಷಯ, ಮೊದಲ ಹೆಸರಿಗೆ ಒಂದು ಬರೆಯುವ ವಿಷಯ, ನಕ್ಷತ್ರ ಹೊರಗೆ ಕಾಣುತ್ತದೆಂದು ಗೊತ್ತಿಲ್ಲದ ವಿಷಯ. ಅಕ್ಕ ಕೇಳಿಸಿಕೊಂಡರು, ನಂಬಲಿಲ್ಲ. ತಪ್ಪಾದ ಮೇಲೆ ಕಟ್ಟಿದ ಕತೆ ಎಂಬ ಹಾಗೆ ತಲೆಯಾಡಿಸಿದರು. ಆ ಚಿತ್ರವೇ ಸಾಕ್ಷಿಯಲ್ಲವೇ ಎಂದು ಬೆರಳು ಮಾಡಿ ತೋರಿಸಿದರು. ಅದು ಕಲಶದ ನೀರು ಹಾಕಿದ ಮೇಲಿನ ಗಳಿಗೆ. ನಮ್ಮವರು ಒದ್ದೆಯಾಗಿ ನಡುಗುತ್ತ ಕೂತಿದ್ದಾರೆ. ಹಿಂದಿನ ಸಾಲಿನಲ್ಲಿದ್ದ ಅಕ್ಕ ಯಾವಾಗ ಎದ್ದು ಬಂದರೋ, ಸೆರಗಿನಿಂದ ತಮ್ಮನ ಕಿವಿ ಒರೆಸುತ್ತಿದ್ದಾರೆ. ಬೆನ್ನು, ಒಂದು ಕೆನ್ನೆ, ಎರಡು ಕೈ ಅಷ್ಟೇ ಕಾಣುತ್ತದೆ. ಚಿತ್ರ ಸ್ವಲ್ಪ ಅಲುಗಿದೆ ಕೂಡ.

“ನನ್ನ ಮಾರಿನೂ ನೆಟ್ಟಗ ಕಾಣೂದಿಲ್ಲ. ಇದು ಹೆಂಗ ಒಂದನೇದಾತು?”

“ಮಾರಿ ಕಾಣದಿದ್ದರ ಏನಾತು,” ಎಂದರು ನಮ್ಮವರು, ನೆಲದ ಮೇಲೆ ಕೂತೇ. “ಕೈ ಯಾರದು ಅಂತ ನನಗ ಗೊತ್ತಾಗತದಲ್ಲ.”

ನಮ್ಮವರು ಇನ್ನೇನೋ ಒತ್ತಿದರು. ಒಂದು ನಕ್ಷತ್ರದ ಚಿತ್ರಗಳನ್ನು ಮಾತ್ರ ತೋರಿಸು ಎಂದರೆ ಆ ಸಾಫ್ಟ್‌ವೇರ್ ಉಳಿದವನ್ನೆಲ್ಲ ಮರೆಮಾಡುತ್ತದೆ. ಪರದೆ ಖಾಲಿಯಾಗುತ್ತ ಆಗುತ್ತ ಕೊನೆಗೆ ಒಂದೇ ಚಿತ್ರ ಉಳಿಯಿತು. ನೂರಾರು ಚಿತ್ರಗಳಲ್ಲಿ ಅವರು ಒಂದನ್ನು ಒತ್ತಿದ್ದು ಒಂದೇ ಸಲ. ಹಾಗಾದರೆ ನಾನೆಲ್ಲಿ ಎಂದು ತಿಳಿಯುವ ಕುತೂಹಲ ನನಗೂ ಆಯಿತು. ನಾನು ಮೂರರಲ್ಲಿದ್ದೆ. ಆ ವಿಷಯವನ್ನು ಮನೆಯಲ್ಲಿ ಮಾತಾಡಬಹುದು ಎಂದು ಸದ್ಯಕ್ಕೆ ಬಿಟ್ಟುಕೊಟ್ಟೆ.

“ಮತ್ತ ಐದ ಯಾರವ?” ಎಂದು ಅಕ್ಕ ಕೇಳಿದರು.

ನಮ್ಮವರು ಐದನ್ನು ತೆರೆದರು. ಯಾರದೋ ಅರ್ಧ ತಲೆ. ಮಗುಚಿದ ಪಂಚಪಾತ್ರೆ. ಆಕಳಿಸುತ್ತಿರುವ ಪುರೋಹಿತರು. ಅವುಗಳ ನಡುವೆ ಸೀತಾರಾಮ ಕಾಕಾ, ಎರಡೂ ಕಣ್ಣು ಮುಚ್ಚಿ, ಎರಡೂ ಕೆನ್ನೆ ಉಬ್ಬಿಸಿ, ತುಟಿಯಿಂದ ಹೊರಗೆ ಜೋತುಬಿದ್ದ ಹೋಳಿಗೆಯ ಚೂರಿನೊಂದಿಗೆ.

ಅಕ್ಕ ಮೊದಲು ಕೆಮ್ಮಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಅವರ ಭುಜ ಅಲುಗತೊಡಗಿತು. ಕಾಕಾ ಇದನ್ನು ಟೀವಿಯಲ್ಲಿ ಹಾಕಿ ಮಠದವರಿಗೆ ತೋರಿಸಿದ್ದಾರೆ ಎಂದು ನಾನು ಹೇಳಿದ ಮೇಲೆ ಅವರು ಕೂತಲ್ಲಿ ಕೂರಲಾಗದೆ ಮಂಚದ ಕಂಬ ಹಿಡಿದುಕೊಂಡರು. ನಗು ಇಳಿದ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಅಷ್ಟು ಹೊತ್ತು ಒರೆಸಿಕೊಳ್ಳುವಂಥ ನಗು ಅದಾಗಿರಲಿಲ್ಲ. ಎದ್ದು ಬಂದು ತಮ್ಮನ ತಟ್ಟೆಯಲ್ಲಿದ್ದ ಚಮಚವನ್ನು ತೆಗೆದುಕೊಂಡು ಹೋದರು. “ಕೈಲೆ ತಿನ್ನು, ಜಯ್ಯಾ. ಎಷ್ಟ ಬಾಡೀದಿ ನೋಡು.”

ಅದೇ ಹೊತ್ತಿಗೆ ಅಕ್ಕನಿಗೆ ಫೋನ್ ಬಂತು. ಕಾಕಾ. ಅವರ ಕಂಚಿನ ಕಂಠ ಕೋಣೆಗೆಲ್ಲ ಕೇಳಿಸುತ್ತಿತ್ತು. ಗುಂಪು ಬಿಟ್ಟುಹೋಗಬಾರದು, ಹಿರಿಯರಾದ ನಾವು ಸಹಿಸಿಕೊಳ್ಳಬೇಕು, ಒಂದಾದರೂ ಬಂದಿತ್ತಲ್ಲ ಎಂದು ತೃಪ್ತಿಪಡಬೇಕು, ಎಲ್ಲರಿಗೂ ಐದು ಬರಲು ಸಾಧ್ಯವೇ ಎಂದೆಲ್ಲ ಹೇಳಿದರು. ನಮ್ಮವರು ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. ಹೋಳಿಗೆಯ ಕಾಕಾ ಪರದೆಯ ಮೇಲೆ ಇನ್ನೂ ಹಾಗೇ ಇದ್ದರು. ಅಕ್ಕ ಒಂದು ಮಾತು ಆಡಿದ್ದರೆ ಸಾಕಿತ್ತು.

“ಖರೇನ ಕಾಕಾ,” ಎಂದರು ಅಕ್ಕ. “ನಿಮ್ಮ ಸರಿ ಯಾರು ಬರಬೇಕು.”

ಅಕ್ಕ ಫೋನ್ ಕೆಳಗಿಟ್ಟರು. ಈಗಲಾದರೂ ಗುಂಪಿಗೆ ನಿಜ ಬರೆದುಬಿಡುತ್ತೇನೆ ಎಂದು ನಮ್ಮವರು ಶುರುಮಾಡಿದರು. ಒಂದನೆಯವಳು ನೀನು ಎಂದು ಬಳಗಕ್ಕೆಲ್ಲ ಗೊತ್ತಾಗಲಿ, ಯಾರಿಗೆ ಸಿಟ್ಟು ಬಂದರೂ ಬರಲಿ ಎಂದರು. ಆರು ವರ್ಷದ ಸಾಲವನ್ನು ಒಂದೇ ಸಾಲಿನಲ್ಲಿ ತೀರಿಸುವ ಆವೇಶ ಅವರಿಗೆ ಬಂದಿತ್ತು. ಅಕ್ಕ ಕೈಯೆತ್ತಿ ತಡೆದರು.

“ನಕ್ಷತ್ರ ಇದ್ದದ್ದ ಮತ್ತ ಮಾಡು. ಕಾಕಾಗ ಐದ ಇರಲಿ. ರಾಮಕೃಷ್ಣಗೂ ಐದ ಹಾಕು, ಆ ಶಂಕ್ರಮ್ಮಗೂ ಹಾಕು. ಎಲ್ಲಾರಿಗೂ ಐದೈದ ಹಾಕಿಬಿಡು.”

“ಮತ್ತ ನಿನಗ?”

“ನಂದೊಂದು ಇದ್ದಂಗ ಇರಲಿ.”

ನಮ್ಮವರು ಅಲ್ಲೇ ಮಂಚಕ್ಕೆ ಒರಗಿ ಒಬ್ಬೊಬ್ಬರಿಗೂ ಐದನ್ನು ಒತ್ತುತ್ತ ಕೂತರು. ನಾನೂ ಐದಾದೆ. ಅದು ಬಡ್ತಿಯೋ ಹಿಂಬಡ್ತಿಯೋ ಎಂದು ಇವತ್ತಿಗೂ ಅವರು ಸ್ಪಷ್ಟಪಡಿಸಿಲ್ಲ. ಸಂಜೆಯಾಗುತ್ತಿತ್ತು, ಅಕ್ಕ ದೇವರ ಮುಂದೆ ದೀಪ ಹಚ್ಚಿ ಬಂದು, ತಮ್ಮನ ಬೆನ್ನ ಹಿಂದೆ ನಿಂತು ಪರದೆಯನ್ನು ನೋಡಿದರು. ಬಳಗದವರೆಲ್ಲ ಐದೈದು ನಕ್ಷತ್ರ ಧರಿಸಿ ಸಾಲಾಗಿ ಹಾದುಹೋದರು. ಆ ದಂಡಿನ ನಡುವೆ ಒಂದೇ ಒಂದು ನಕ್ಷತ್ರದ ಚಿತ್ರ ಬಂದಾಗ ಅಕ್ಕನ ಮುಖದಲ್ಲಿ ಕಂಡದ್ದನ್ನು ನಾನು ಬಹಳ ಯೋಚಿಸಿ ಒಂದು ಪದ ಆರಿಸಿದ್ದೇನೆ: ಗತ್ತು.

ನಾಳೆಯಿಂದ ಧನಶ್ರೀ ಫೋನ್ ಮಾಡಿ ಮರುಗುತ್ತಾಳೆ, ಎಲ್ಲರಿಗೂ ಐದು ಬಂದು ನಿಮಗೊಬ್ಬರಿಗೆ ಹೀಗಾಯಿತಲ್ಲ ಎಂದು ಕಾಕಾ ದಿನಾ ಸಮಾಧಾನ ಹೇಳುತ್ತಾರೆ, ಆಗ ಏನು ಹೇಳುತ್ತೀರಿ ಎಂದು ನಾನು ಕೇಳಿದೆ. ಅಕ್ಕ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ರುಚಿ ನೋಡಿದರು.

“ಏನೂ ಹೇಳೂದಿಲ್ಲ,” ಎಂದರು. “ಯಾರ ಮುಂದನೂ ಹೇಳೂದಿಲ್ಲ.”